ಕೆಂಪು ವೈನಿನಲ್ಲಿ ದೊಣ್ಣೆ ಮೆಣಸಿನ ವಾಸನೆ ಯಾಕೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ ಅಳಿಯ ಮೊನ್ನೆ ಊರಿಗೆ ಬಂದಾಗ ಮೂರು ಬಾಟಲಿ ಕ್ಯಾಬರ್ನೆ ಸೋವಿನ್ಯೊಂ ವೈನ್ ತಂದಿದ್ದ. ನಮ್ಮ ದೇಶದಲ್ಲೇ ಮಾಡಿದ್ದು, ಕಳೆದ ವರ್ಷದ ಕೊಯ್ಲಿನದು. ಭಾನುವಾರ ಸನ್ನ ಮತ್ತು ದುಕ್ರಾಮಾಸಿನ (ಹಂದಿಮಾಂಸದ ಅಡುಗೆ) ಜೊತೆ ಒಂದನ್ನು ತೆರೆದೆವು. ಮೂಗಿನ ಹತ್ತಿರ ತಂದರೆ ಆಗ ತಾನೇ ಹೆಚ್ಚಿದ ದೊಣ್ಣೆ ಮೆಣಸಿನ ವಾಸನೆ. ಬಾಯಿಗೆ ಹಾಕಿದರೆ ಒಗರು. "ಒಂದು ವರ್ಷ ತೊಟ್ಟು ತೆಗೆಯದೆ ಕ್ರಿಸ್ಮಸ್ ವೈನ್ ಮಾಡಿದ್ದೆನಲ್ಲ, ಹಾಗೇ ಇದೆ" ಅಂದಳು ನನ್ನ ಹೆಂಡತಿ. ವೈನ್ ಹಾಳಾಗಿದೆಯಾ? ಉಳಿದ ಎರಡು ಬಾಟಲಿಯನ್ನು ನಾಲ್ಕೈದು ವರ್ಷ ಇಟ್ಟರೆ ಸರಿಹೋಗುತ್ತದಾ?
(ಕಲ್ಯಾಣಪುರ, ಉಡುಪಿಯಿಂದ ಓದುಗರೊಬ್ಬರು)

ಉತ್ತರ: ವೈನ್ ಹಾಳಾಗಿಲ್ಲ. ಧೈರ್ಯವಾಗಿ ಕುಡಿಯಬಹುದು. ಆದರೆ ಇಟ್ಟರೆ ಸರಿಹೋಗುತ್ತದಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ನೀವು ಎರಡು ಬೇರೆ ಬೇರೆ ವಿಷಯ ಬರೆದಿದ್ದೀರಿ. ವಾಸನೆ ಮೂಗಿಗೆ ಬಂದದ್ದು. ಒಗರು ನಾಲಿಗೆಯ ಮೇಲೆ ಆದದ್ದು. ಒಗರು ಕಾಲ ಕಳೆದಂತೆ ಇಳಿಯುತ್ತದೆ. ಹಸಿ ವಾಸನೆ ಇಳಿಯುವುದಿಲ್ಲ. ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. "ಎಳೆಯ ವೈನ್, ಇಟ್ಟರೆ ಹದವಾಗುತ್ತದೆ" ಅಂತ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಐದು ವರ್ಷ ಕಾದು ತೆರೆದಾಗ ಬೇಜಾರು ಮಾಡಿಕೊಳ್ಳುತ್ತಾರೆ. ನಿಮಗೆ ಹಾಗೆ ಆಗಬಾರದು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಹಾಳಾಗಿಲ್ಲ ಅಂತ ನೋಡದೆ ಹೇಗೆ ಹೇಳಿದೆ ಅಂತ ನಿಮಗೆ ಅನಿಸಬಹುದು. ಕಾರ್ಕಿನಿಂದ ಕೆಟ್ಟ ವೈನಿಗೆ ಮಳೆಗಾಲದಲ್ಲಿ ಒದ್ದೆ ಗೋಣಿಚೀಲಕ್ಕೆ ಬರುವ ಮುಗ್ಗಲು ವಾಸನೆ ಇರುತ್ತದೆ. ಹುಳಿ ಹಿಡಿದ ವೈನ್ ವಿನೆಗರಿನ ಹಾಗೆ ಮೂಗಿಗೆ ಚುಚ್ಚುತ್ತದೆ. ನೀವು ಹೇಳಿದ್ದು ಇವೆರಡೂ ಅಲ್ಲ. ಗೊಂದಲ ಆಗುವುದು ಗಂಧಕದ ವಾಸನೆಯಲ್ಲಿ. ಬೇಯಿಸಿದ ಕ್ಯಾಬೇಜು, ಕೊಳೆತ ಮೊಟ್ಟೆ, ಈ ಜಾತಿಯದು. ಕ್ಯಾಬೇಜು ಕೂಡ ತರಕಾರಿಯೇ ಅಲ್ವಾ, ಹಾಗಾಗಿ ಬಹಳ ಜನ ಎರಡನ್ನೂ ಕಲಸಿಬಿಡುತ್ತಾರೆ. ಸಂಶಯ ಇದ್ದರೆ ಒಂದು ಗ್ಲಾಸಿಗೆ ಎರಡು ಗುಟುಕಿನಷ್ಟು ವೈನ್ ಹಾಕಿ. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ತಾಮ್ರದ ಚಮಚವನ್ನು ಒಂದೆರಡು ನಿಮಿಷ ಅದರಲ್ಲಿ ಆಡಿಸಿ. ಗಂಧಕದ ವಾಸನೆಯಾದರೆ ಹೆಚ್ಚುಪಾಲು ಹೋಗುತ್ತದೆ. ದೊಣ್ಣೆ ಮೆಣಸಿನದಾದರೆ ಕದಲುವುದೇ ಇಲ್ಲ. ಪರೀಕ್ಷೆ ಮಾಡಿದ ವೈನನ್ನು ಮಾತ್ರ ಕುಡಿಯಬೇಡಿ, ಚೆಲ್ಲಿಬಿಡಿ.

ಈಗ ಆ ವಾಸನೆಗೆ ಬರೋಣ. ನಿಮ್ಮ ಮೂಗು ಸರಿಯಾಗಿಯೇ ಹಿಡಿದಿದೆ. ದೊಣ್ಣೆ ಮೆಣಸು ಹೆಚ್ಚುವಾಗ ಏಳುವ ವಾಸನೆಗೂ ನಿಮ್ಮ ಗ್ಲಾಸಿನ ವಾಸನೆಗೂ ಕಾರಣ ಒಂದೇ ವಸ್ತು. ಆ ಗುಂಪಿನ ಹೆಸರು ಮೆಥಾಕ್ಸಿಪೈರಜೀನ್. ಸುಲಭಕ್ಕೆ ಪೈರಜೀನ್ ಅನ್ನುತ್ತೇನೆ. 1969ರಲ್ಲಿ ಇದನ್ನು ದೊಣ್ಣೆ ಮೆಣಸಿನಲ್ಲಿ ಗುರುತಿಸಿದರು. 1975ರಲ್ಲಿ ಫ್ರಾನ್ಸಿನಲ್ಲಿ ಕ್ಯಾಬರ್ನೆ ಸೋವಿನ್ಯೊಂ ದ್ರಾಕ್ಷಿಯಲ್ಲೂ ಇದೇ ಸಿಕ್ಕಿತು. ಹಸಿ ಬಟಾಣಿಯ ವಾಸನೆಯೂ ಇದೇ ಕುಟುಂಬದ್ದು.

ಇದು ಎಷ್ಟು ಇದ್ದರೆ ಮೂಗಿಗೆ ಗೊತ್ತಾಗುತ್ತದೆ ಅನ್ನುವುದನ್ನು ಕೇಳಿದರೆ ಆಶ್ಚರ್ಯ ಆಗುತ್ತದೆ. ಕೆಂಪು ವೈನಿನಲ್ಲಿ ಒಂದು ಲೀಟರಿಗೆ 10ರಿಂದ 15 ನ್ಯಾನೋಗ್ರಾಂ ಸಾಕು. ಒಂದು ನ್ಯಾನೋಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ನಮ್ಮ ಓಣಿಗಳಿಗೆ ನೀರಿನ ಟ್ಯಾಂಕರ್ ಬರುತ್ತದಲ್ಲ, ಅಂಥ 10 ಸಾವಿರ ಲೀಟರಿನ ಟ್ಯಾಂಕರ್‌ಗಳನ್ನು 10 ಸಾವಿರ ನಿಲ್ಲಿಸಿ. ಎಲ್ಲದರಲ್ಲೂ ವೈನ್ ತುಂಬಿಸಿ. ಅಷ್ಟಕ್ಕೂ ಸೇರಿ ಬರೀ ಒಂದು ಗ್ರಾಂ ಪೈರಜೀನ್ ಬೆರೆಸಿದರೆ ಒಳ್ಳೆಯ ಮೂಗಿನವರಿಗೆ ಗೊತ್ತಾಗುತ್ತದೆ. ಹಾಗಾಗಿ ತೋಟದಲ್ಲಿ ಚೂರು ಹೆಚ್ಚುಕಡಿಮೆ ಆದರೂ ಗ್ಲಾಸಿನಲ್ಲಿ ಕಾಣಿಸಿಕೊಳ್ಳುತ್ತದೆ.

ಎಲ್ಲ ದ್ರಾಕ್ಷಿಗೂ ಈ ಗುಣ ಇಲ್ಲ. ಕ್ಯಾಬರ್ನೆ ಸೋವಿನ್ಯೊಂ, ಕ್ಯಾಬರ್ನೆ ಫ್ರಾಂ, ಮೆರ್ಲೋ, ಕಾರ್ಮನೇರ್, ಬಿಳಿಯದರಲ್ಲಿ ಸೋವಿನ್ಯೊಂ ಬ್ಲಾಂ, ಇವುಗಳಿಗೆ ಜಾಸ್ತಿ. ಇದು ವಂಶದಿಂದ ಬಂದದ್ದು. ಕ್ಯಾಬರ್ನೆ ಸೋವಿನ್ಯೊಂ ಅನ್ನುವುದು ಕ್ಯಾಬರ್ನೆ ಫ್ರಾಂ ಮತ್ತು ಸೋವಿನ್ಯೊಂ ಬ್ಲಾಂ ಕೂಡಿ ಹುಟ್ಟಿದ ತಳಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಜಾನ್ ಬವರ್ಸ್ ಮತ್ತು ಕ್ಯಾರಲ್ ಮೆರೆಡಿತ್ ಡಿಎನ್‌ಎ ಪರೀಕ್ಷೆ ಮಾಡಿ 1997ರಲ್ಲಿ ಇದನ್ನು ಪ್ರಕಟಿಸಿದರು. ತಂದೆ ತಾಯಿ ಇಬ್ಬರಲ್ಲೂ ಆ ವಾಸನೆ ಇದೆ, ಮಗುವಿಗೆ ಬಾರದೆ ಇರುತ್ತದಾ? ಶಿರಾಜ್ ಮತ್ತು ಪೀನೋ ನ್ವಾರ್‌ನಲ್ಲಿ ಪೈರಜೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇಲ್ಲಿ ನಮ್ಮ ಊರಿನವರಿಗೆ ಮಾತ್ರ ಆಗುವ ಒಂದು ತೊಡಕನ್ನು ಹೇಳಬೇಕು. ಶಿರಾಜ್ ಬಾಟಲಿಯ ಹಿಂದೆ ಪೆಪ್ಪರ್ ಅಂತ ಬರೆದಿರುತ್ತದೆ. ಅದು ನಮ್ಮ ಒಳ್ಳೆಮೆಣಸು, ಅಂದರೆ ಕಾಳುಮೆಣಸು. ದೊಣ್ಣೆ ಮೆಣಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆ ಖಾರದ ಪರಿಮಳಕ್ಕೆ ಕಾರಣ ರೋಟಂಡೋನ್ ಅನ್ನುವ ಬೇರೆಯೇ ವಸ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಶಿರಾಜ್‌ನಲ್ಲಿ ಗುರುತಿಸಿದರು. ಒಳ್ಳೆಮೆಣಸಿನಲ್ಲೂ ಅದೇ ಇದೆ. ಬಾಟಲಿ ಮೇಲೆ ಮೆಣಸು ಅಂತ ಓದಿದ ತಕ್ಷಣ ಹಿಂಜರಿಯಬೇಡಿ, ಯಾವ ಮೆಣಸು ಅಂತ ನೋಡಿ.

ಒಗರಿನ ಕತೆ ಬೇರೆ. ಅದಕ್ಕೆ ವಾಸನೆಯೇ ಇಲ್ಲ. ಗೇರುಹಣ್ಣು ಕಚ್ಚಿದಾಗ ಗಂಟಲು ಹಿಡಿದ ಹಾಗೆ ಆಗುತ್ತದಲ್ಲ, ನಾಲಿಗೆ ದಪ್ಪ ಆದ ಹಾಗೆ, ಬಾಯಿಯೊಳಗಿನ ಜೊಲ್ಲೆಲ್ಲ ಎಲ್ಲೋ ಹೋದ ಹಾಗೆ. ಅದೇ ಇದು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ತೊಟ್ಟಿನಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಜೊಲ್ಲಿನ ಜಾರುಗುಣ ಹೋಗಿ ಬಾಯಿ ಒಣಗಿದ ಹಾಗೆ ಆಗುತ್ತದೆ. ಬೀಜ ಬಲಿಯದ ದ್ರಾಕ್ಷಿಯಿಂದ ಮಾಡಿದ ವೈನಿನಲ್ಲಿ ಈ ಒಗರು ಒರಟಾಗಿರುತ್ತದೆ, ಕೊನೆಗೆ ಚೂರು ಕಹಿಯೂ ಉಳಿಯುತ್ತದೆ.

ಹಸಿ ವಾಸನೆ ಮತ್ತು ಒರಟು ಒಗರು ಒಟ್ಟಿಗೇ ಬರುವುದು ಜಾಸ್ತಿ. ಎರಡಕ್ಕೂ ಮೂಲ ಒಂದೇ: ಹಣ್ಣು ಪೂರ್ತಿ ಬಲಿತಿರಲಿಲ್ಲ. ಅದಕ್ಕೇ ಜನರಿಗೆ ಎರಡೂ ಒಂದೇ ಅನಿಸುತ್ತದೆ.

ಬಲಿಯುವುದು ಅಂದೆ. ಇದೇ ನಿಮ್ಮ ಪ್ರಶ್ನೆಯ ತಿರುಳು. ಮಾವಿನ ವಿಷಯದಲ್ಲಿ ನಮಗೆ ಎಷ್ಟು ಶಬ್ದಗಳಿವೆ ನೋಡಿ. ಮಿಡಿ, ಕಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು. ಬಲಿಯದ ಕಾಯಿಯನ್ನು ಕೊಯ್ದು ಹುಲ್ಲಿನಲ್ಲಿಟ್ಟರೆ ಬಣ್ಣ ಬರಬಹುದು, ರುಚಿ ಬರುವುದಿಲ್ಲ ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ದ್ರಾಕ್ಷಿಗೆ ಇನ್ನೂ ಕಷ್ಟ. ಮಾವಾದರೂ ಕೊಯ್ದ ಮೇಲೆ ಹಣ್ಣಾಗುತ್ತದೆ. ದ್ರಾಕ್ಷಿ ಕೊಯ್ದಲ್ಲಿಗೆ ನಿಂತಿತು. ಬಳ್ಳಿಯಲ್ಲಿ ಏನು ಆಗಿತ್ತೋ ಅಷ್ಟೇ.

ಬಳ್ಳಿಯಲ್ಲಿ ಆಗುವುದು ಹೀಗೆ. ಕಾಯಿ ಹಸಿರಾಗಿ ಗಟ್ಟಿಯಾಗಿ ಇರುವಾಗಲೇ ಪೈರಜೀನ್ ಏರುತ್ತಾ ಹೋಗುತ್ತದೆ. ಬಣ್ಣ ತಿರುಗುವುದಕ್ಕೆ ಎರಡು ಮೂರು ವಾರ ಮುಂಚೆ ಅದು ತುದಿ ಮುಟ್ಟುತ್ತದೆ. ಬಣ್ಣ ತಿರುಗಿ ಕಾಯಿ ಮೆತ್ತಗಾದ ಮೇಲೆ ಇಳಿಯಲು ಶುರುವಾಗುತ್ತದೆ. ಬೀಜ ಬಲಿಯುವ ಮುಂಚೆ ಹಕ್ಕಿಗಳು ತಿನ್ನದ ಹಾಗೆ ಬಳ್ಳಿ ಮಾಡಿಕೊಂಡ ಕಾವಲು ಇದು ಅಂತ ವಿವರಿಸುವುದುಂಟು. ನನಗೂ ಅದು ಸರಿ ಅನಿಸುತ್ತದೆ. ಸಕ್ಕರೆ ಏರುವುದು ಬಣ್ಣ ತಿರುಗಿದ ಮೇಲೆ. ಅಂದರೆ ಒಂದು ಇಳಿಯಬೇಕು, ಇನ್ನೊಂದು ಏರಬೇಕು. ಇವೆರಡೂ ಒಂದೇ ವೇಗದಲ್ಲಿ ಹೋಗಬೇಕು ಅಂತ ಏನಿಲ್ಲ. ಸಿಹಿಯಾಯಿತು ಅಂದ ಮಾತ್ರಕ್ಕೆ ಬಲಿಯಿತು ಅಂತ ಅಲ್ಲ.

ಕಾಯಿ ಹಸಿರಾಗಿರುವ ಆ ವಾರಗಳಲ್ಲಿ ಗೊಂಚಲಿಗೆ ಬಿಸಿಲು ಬಿದ್ದರೆ ಪೈರಜೀನ್ ಅಷ್ಟಾಗಿ ಕೂಡುವುದಿಲ್ಲ. ಎಲೆಯ ನೆರಳಿನಲ್ಲಿ ಮುಚ್ಚಿಹೋದರೆ ಜಾಸ್ತಿ ಕೂಡುತ್ತದೆ. ಅದಕ್ಕೇ ಒಳ್ಳೆಯ ತೋಟಗಳಲ್ಲಿ ಗೊಂಚಲಿನ ಸುತ್ತಲಿನ ಎಲೆಗಳನ್ನು ಕೈಯಿಂದ ಕಿತ್ತು ತೆಗೆಯುತ್ತಾರೆ. ಇದನ್ನು ಕಾಯಿ ಕಚ್ಚಿದ ಹೊಸತರಲ್ಲೇ ಮಾಡಬೇಕು. ಬಣ್ಣ ತಿರುಗಿದ ಮೇಲೆ ಎಲೆ ಕಿತ್ತರೆ ಹೆಚ್ಚು ಪ್ರಯೋಜನ ಇಲ್ಲ. ಕೂಡುವುದು ಆಗಲೇ ಕೂಡಿಯಾಗಿರುತ್ತದೆ. ನೀರು ಜಾಸ್ತಿ, ಸಾರಜನಕದ ಗೊಬ್ಬರ ಜಾಸ್ತಿ ಆದರೂ ಇದೇ ತೊಂದರೆ. ಬಳ್ಳಿ ಎಲೆ ಬಿಡುವುದರಲ್ಲೇ ಇರುತ್ತದೆ, ಗೊಂಚಲು ಕತ್ತಲಲ್ಲಿ ಇರುತ್ತದೆ.

ಈಗ ನೀವು ಕೇಳಬಹುದು, ಇದು ಚಳಿ ದೇಶದ ತೊಂದರೆ ಅಲ್ವಾ, ನಮ್ಮಲ್ಲಿ ಬಿಸಿಲಿಗೇನು ಬರ ಅಂತ. ಅರ್ಧ ನಿಜ. ಫ್ರಾನ್ಸಿನ ಬೋರ್ಡೋದಲ್ಲಿ ಮಳೆ ಚಳಿ ಜಾಸ್ತಿಯಾದ ವರ್ಷಗಳ ಕ್ಯಾಬರ್ನೆ ಹಸಿಹಸಿಯಾಗಿಯೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಅನ್ನುವ ತಂಪು ಕರಾವಳಿ ಪ್ರದೇಶ ಇದೆ. 1970ರ ದಶಕದಲ್ಲಿ ಅಲ್ಲಿಯ ಕ್ಯಾಬರ್ನೆ ತರಕಾರಿ ವಾಸನೆಗೇ ಹೆಸರಾಗಿತ್ತು. ಆದರೆ ನಮ್ಮ ಕಡೆ ಹಸಿ ವಾಸನೆ ಬರುವ ದಾರಿ ಬೇರೆ.

ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ವಸಂತದಲ್ಲಿ ಎಲ್ಲ ಕಣ್ಣುಗಳೂ ಹೆಚ್ಚುಕಡಿಮೆ ಒಟ್ಟಿಗೇ ಚಿಗುರುತ್ತವೆ. ನಮ್ಮಲ್ಲಿ ಆ ಚಳಿ ಇಲ್ಲ, ಬಳ್ಳಿಗೆ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸಿ ಸವರುತ್ತಾರೆ. ವಿಜಯಪುರದ ಕಡೆ ಬೆಳೆಗಾರರು ಇದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್‌ನ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಸೆಪ್ಟೆಂಬರ್ ಅಕ್ಟೋಬರಿನದು ಹಣ್ಣಿಗೆ. ಸವರಿದ ಮೇಲೆ ಕಣ್ಣುಗಳು ಒಟ್ಟಿಗೆ ಒಡೆಯಲಿ ಅಂತ ಔಷಧಿ ಹಚ್ಚುತ್ತಾರೆ. ಆದರೂ ಕೆಲವು ಕಣ್ಣು ಮುಂಚೆ, ಕೆಲವು ತಡವಾಗಿ ಒಡೆಯುವುದುಂಟು. ಕೊಯ್ಲಿನ ಹೊತ್ತಿಗೆ ಒಂದೇ ಬಳ್ಳಿಯಲ್ಲಿ ಒಂದು ಗೊಂಚಲು ಹಣ್ಣಾಗಿರುತ್ತದೆ, ಪಕ್ಕದ್ದು ಇನ್ನೂ ದೋರೆಗಾಯಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಸರಾಸರಿ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಆದರೆ ವಾಸನೆಯಲ್ಲಿ ಹೀಗೆ ಸರಾಸರಿ ನೋಡಲು ಬರುವುದಿಲ್ಲ. ಮೊದಲೇ ಹೇಳಿದೆನಲ್ಲ, ಟ್ಯಾಂಕರಿಗೆ ಚೂರು ಬಿದ್ದರೂ ಸಾಕು.

ಇನ್ನೊಂದು ಅವಸರದ ಕತೆ. ಫೆಬ್ರವರಿ ಮಾರ್ಚಿಗೆ ಬಿಸಿಲು ಏರುತ್ತದೆ. ಸಕ್ಕರೆ ದಡಬಡ ಏರುತ್ತದೆ, ಹುಳಿ ಅಷ್ಟೇ ಬೇಗ ಇಳಿಯುತ್ತದೆ. ಹುಳಿ ಪೂರ್ತಿ ಇಳಿದರೆ ವೈನ್ ಸಪ್ಪೆ, ಬೇಗ ಕೆಡುವ ಭಯವೂ ಇದೆ. ಹಾಗಾಗಿ ವೈನ್ ಮಾಡುವವರು ಹುಳಿ ಉಳಿಸಿಕೊಳ್ಳಲು ಬೇಗ ಕೊಯ್ಯುತ್ತಾರೆ. ಬೀಜ ಕಚ್ಚಿ ನೋಡಿದರೆ ಇನ್ನೂ ಹಸಿರು.

ನಾನು ಹಿಂದೆ ಕೆಲಸ ಮಾಡಿದ ಒಂದು ವೈನರಿಯಲ್ಲಿ ಇದನ್ನೇ ಕಣ್ಣಾರೆ ನೋಡಿದ್ದೇನೆ. ಅಕಾಲ ಮಳೆ ಬರುತ್ತದೆ ಅನ್ನುವ ಸುದ್ದಿ ಬಂತು. ಎರಡು ದಿನದಲ್ಲಿ ಇಡೀ ಕ್ಯಾಬರ್ನೆ ತೋಟ ಕೊಯ್ದರು. ಮೀಟರಿನಲ್ಲಿ ಸಕ್ಕರೆ ಚೆನ್ನಾಗಿಯೇ ಇತ್ತು. ನಾನು ಒಂದು ಹಿಡಿ ಹಣ್ಣು ಜಗಿದು ಬೀಜ ಉಗುಳಿ ನೋಡಿದೆ. ಒಂದೂ ಕಂದು ಬಣ್ಣಕ್ಕೆ ತಿರುಗಿರಲಿಲ್ಲ. ಹೇಳಿದೆ, ಆದರೆ ಮೋಡ ಕಾಣುತ್ತಿರುವಾಗ ಅದನ್ನು ಕೇಳುವ ತಾಳ್ಮೆ ಯಾರಿಗಿರುತ್ತದೆ? ಆ ವರ್ಷದ ವೈನನ್ನು ಓಕ್ ಪೀಪಾಯಿಯಲ್ಲಿ ಇಟ್ಟೆವು, ಬೇರೆ ವೈನ್ ಬೆರೆಸಿದೆವು. ಆದರೂ ಗ್ಲಾಸಿನ ತಳದಲ್ಲಿ ಆ ದೊಣ್ಣೆ ಮೆಣಸು ಕೂತೇ ಇತ್ತು. ಅಷ್ಟು ತಿಂಗಳು ತೋಟದಲ್ಲಿ ದುಡಿದವರ ಮುಖ ನೋಡಿ ನನಗೆ ಆದ ಸಂಕಟ ಈಗಲೂ ಮರೆತಿಲ್ಲ.

ತಾಳ್ಮೆಯಿಂದ ಏನಾಗುತ್ತದೆ ಅನ್ನುವುದಕ್ಕೆ ಚಿಲಿ ದೇಶವೇ ಸಾಕ್ಷಿ. ಅಲ್ಲಿಯ ಮೆರ್ಲೋ ವೈನಿನಲ್ಲಿ ವಿಪರೀತ ಹಸಿ ವಾಸನೆ ಇರುತ್ತಿತ್ತು. 1994ರಲ್ಲಿ ಜಾನ್-ಮಿಶೆಲ್ ಬೂರ್ಸಿಕೋ ಅನ್ನುವ ಫ್ರೆಂಚ್ ತಳಿತಜ್ಞರು ಅಲ್ಲಿಯ ತೋಟವೊಂದರಲ್ಲಿ ಬಳ್ಳಿಗಳನ್ನು ನೋಡಿ, ಇದು ಮೆರ್ಲೋ ಅಲ್ಲ, ಕಾರ್ಮನೇರ್ ಅಂದರು. ಬೋರ್ಡೋದಲ್ಲಿ ಹೆಚ್ಚುಕಡಿಮೆ ಕಳೆದೇಹೋಗಿದ್ದ ತಳಿ ಅದು. ಮೆರ್ಲೋ ತೋಟಗಳಲ್ಲಿ ಬೆರೆತು ಗುರುತೇ ಸಿಗದೆ ಬೆಳೆದಿತ್ತು. ಕಾರ್ಮನೇರ್ ಹಣ್ಣಾಗುವುದು ಮೆರ್ಲೋಗಿಂತ ಎಷ್ಟೋ ವಾರ ತಡ. ಮೆರ್ಲೋ ಲೆಕ್ಕದಲ್ಲಿ ಕೊಯ್ದರೆ ಅದು ಹಸಿಯಾಗಿಯೇ ಇರಬೇಕಲ್ಲ! ಬೇರೆ ಮಾಡಿ, ತಡವಾಗಿ ಕೊಯ್ಯಲು ಶುರುಮಾಡಿದ ಮೇಲೆ ಅದೇ ಬಳ್ಳಿಗಳಿಂದ ಒಳ್ಳೆಯ ವೈನ್ ಬಂತು.

ಹಸಿ ವಾಸನೆಗೆ ಯಾವಾಗಲೂ ಹಣ್ಣೇ ಕಾರಣ ಅಂತ ಕೂಡ ಅಲ್ಲ. ಹಣ್ಣಿನ ಜೊತೆ ಎಲೆ, ತೊಟ್ಟಿನ ಚೂರು ಬಿದ್ದು ಜಜ್ಜಿಹೋದರೆ ಹುಲ್ಲು ಕತ್ತರಿಸಿದಾಗಿನ ವಾಸನೆ ಬರುತ್ತದೆ. ಕೆನಡಾದ ಒಂಟಾರಿಯೋದಲ್ಲಿ 2001ರ ಕೊಯ್ಲಿನಲ್ಲಿ ಗುಲಗಂಜಿ ಹುಳುಗಳು ಗೊಂಚಲುಗಳಲ್ಲಿ ಸೇರಿಕೊಂಡು ಹಣ್ಣಿನ ಜೊತೆಗೇ ಅರೆದುಹೋದವು. ಆ ಹುಳುವಿನ ಮೈಯಲ್ಲೂ ಪೈರಜೀನ್ ಇದೆ. ಬಹಳಷ್ಟು ವೈನ್ ಅದರಿಂದ ಕೆಟ್ಟಿತು.

ಇನ್ನು ನಿಮ್ಮ ಎರಡು ಬಾಟಲಿ. ನಾಲ್ಕೈದು ವರ್ಷ ಇಟ್ಟರೆ ಟ್ಯಾನಿನ್ ಮೆತ್ತಗಾಗುತ್ತದೆ, ಒಗರು ಇಳಿಯುತ್ತದೆ. ಪೈರಜೀನ್ ಮಾತ್ರ ಬಾಟಲಿಯಲ್ಲಿ ಬಹಳ ಗಟ್ಟಿ. ವರ್ಷಗಟ್ಟಲೆ ಹಾಗೇ ಇರುತ್ತದೆ. ಈ ನಡುವೆ ಹಣ್ಣಿನ ಪರಿಮಳ ಕರಗುತ್ತಾ ಹೋಗುತ್ತದೆ. ಹಣ್ಣು ಹಿಂದೆ ಸರಿದಂತೆ ಹಸಿ ವಾಸನೆ ಇನ್ನೂ ಮುಂದೆ ಬಂದ ಹಾಗೆ ಅನಿಸುತ್ತದೆ. ಗ್ಲಾಸಿನಲ್ಲಿ ತಿರುಗಿಸಿದರೂ, ಹೂಜಿಗೆ ಬಗ್ಗಿಸಿ ಗಾಳಿಗೆ ಇಟ್ಟರೂ ಅದು ಹೋಗುವುದಿಲ್ಲ. ಅದಲ್ಲದೆ ನಮ್ಮ ಕರಾವಳಿಯ ಸೆಕೆ ಇದೆಯಲ್ಲ. ವೈನನ್ನು ವರ್ಷಗಟ್ಟಲೆ ಇಡಬೇಕಾದರೆ 12ರಿಂದ 15 ಡಿಗ್ರಿಯ ತಂಪು ಬೇಕು. ನಮ್ಮ ಮನೆಯ ಕಪಾಟಿನಲ್ಲಿ ವರ್ಷದ ಹೆಚ್ಚಿನ ದಿನ 30ರ ಆಸುಪಾಸು ಇರುತ್ತದೆ. ಅಲ್ಲಿ ವೈನ್ ಹದವಾಗುವುದಿಲ್ಲ, ಸುಮ್ನೆ ಬೆಂದುಹೋಗುತ್ತದೆ. ಹಾಗಾಗಿ ಇಡಬೇಡಿ, ಈ ಒಂದೆರಡು ತಿಂಗಳಲ್ಲೇ ಕುಡಿದುಬಿಡಿ.

ಒಂದು ಮಾತು. ಹಸಿರಿನ ವಾಸನೆ ಅಂದರೆ ದೋಷವೇ ಅಂತ ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಲ್ವಾರ್ ಕಣಿವೆಯ ಶಿನೋನ್ ಕಡೆ ಕ್ಯಾಬರ್ನೆ ಫ್ರಾಂನಲ್ಲಿ ತೆಳುವಾದ ಎಲೆಯ ಪರಿಮಳ ಇರುತ್ತದೆ. ಅಲ್ಲಿಯವರು ಅದನ್ನು ಇಷ್ಟಪಟ್ಟೇ ಕುಡಿಯುತ್ತಾರೆ, ನನಗೂ ಇಷ್ಟ. ಸಾರಿನ ಒಗ್ಗರಣೆಗೆ ಒಂದು ಎಸಳು ಕರಿಬೇವಿನ ಸೊಪ್ಪು ಹಾಕಿದರೆ ಘಮ. ಸೊಪ್ಪನ್ನೇ ಅರೆದು ಹಾಕಿದರೆ ಸಾರು ಹೋಯಿತು. ವೈನಿನಲ್ಲೂ ಹಣ್ಣು ಮುಂದೆ ಇರಬೇಕು, ಎಲೆ ಹಿಂದೆ ಇರಬೇಕು. ನಿಮ್ಮ ಬಾಟಲಿಯಲ್ಲಿ ಅದು ಉಲ್ಟಾ ಆಗಿದೆ.

ನಿಮ್ಮ ಮನೆಯವರು ಹೇಳಿದ್ದನ್ನು ಓದಿ ನನಗೆ ತುಂಬಾ ಸಂತೋಷ ಆಯಿತು. ಅವರ ನಾಲಿಗೆ ಚೆನ್ನಾಗಿದೆ. ಮನೆಯ ವೈನಿಗೆ ಹೆಚ್ಚಾಗಿ ಬಳಸುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಅದು ಅಮೆರಿಕದ ಲಬ್ರುಸ್ಕಾ ಕುಲದ ಸಂಬಂಧಿ. ಅದರ ಪರಿಮಳವೇ ಬೇರೆ, ದ್ರಾಕ್ಷಿ ಜ್ಯೂಸಿನ ಆ ಗಾಢ ವಾಸನೆ. ದೊಣ್ಣೆ ಮೆಣಸು ಅದರಲ್ಲಿ ಮುಂದೆ ಬರುವುದಿಲ್ಲ. ಆ ವರ್ಷ ಅವರಿಗೆ ಸಿಕ್ಕ ಹಸಿ ರುಚಿ ತೊಟ್ಟಿನದು. ದಪ್ಪ ಹಸಿರು ಕಡ್ಡಿ ಮೂರು ವಾರ ಭರಣಿಯಲ್ಲಿ ನೆನೆದರೆ ಒಗರು ಕಹಿ ಎರಡೂ ಬಿಡುತ್ತದೆ. ಈ ಸಲ ಮಾಡುವಾಗ ಒಂದೊಂದೇ ಹಣ್ಣನ್ನು ತೊಟ್ಟಿನಿಂದ ಬಿಡಿಸಲಿ. ಹಸಿರು, ಗಟ್ಟಿ ಕಾಯಿಗಳನ್ನು ಆರಿಸಿ ತೆಗೆಯಲಿ. ಮಿಕ್ಸಿಗೆ ಮಾತ್ರ ಹಾಕುವುದು ಬೇಡ, ಬೀಜ ಒಡೆದರೆ ಕಹಿ ಗ್ಯಾರಂಟಿ. ಕೈಯಲ್ಲೇ ಹಿಸುಕಬೇಕು. ಕೊನೆಗೆ ಬಟ್ಟೆಯಲ್ಲಿ ಸೋಸುವಾಗ ಕಡೆಯ ಹನಿಯವರೆಗೂ ಹಿಂಡುವ ಆಸೆ ಆಗುತ್ತದೆ. ಆ ಕಡೆಯ ಹನಿಯಲ್ಲೇ ಒಗರು ಇರುವುದು, ಬಿಟ್ಟುಬಿಡಲಿ.

ಅಳಿಯ ಮುಂದಿನ ಸಲ ಬರುವಾಗ ಶಿರಾಜ್ ತರಲು ಹೇಳಿ, ಇಲ್ಲವೇ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ್ದು. ನಮ್ಮ ದೇಶದಲ್ಲಿ ಈ ಬೆರಕೆ ಬಹಳ ಕಾಣಸಿಗುತ್ತದೆ. ಶಿರಾಜ್‌ನ ಹಣ್ಣು ಕ್ಯಾಬರ್ನೆಯ ಹಸಿತನವನ್ನು ಚೆನ್ನಾಗಿ ಮುಚ್ಚುತ್ತದೆ. ಬರೀ ಕ್ಯಾಬರ್ನೆಯೇ ಬೇಕಾದರೆ ಪೀಪಾಯಿಯಲ್ಲಿ ಇಟ್ಟು ತೆಗೆದದ್ದನ್ನು ನೋಡಿ ತರಲಿ. ಪೀಪಾಯಿ ಪೈರಜೀನನ್ನು ತೆಗೆಯುವುದಿಲ್ಲ, ಆದರೆ ಅದರ ಸುಟ್ಟ ಮರದ ಪರಿಮಳ ಎದುರು ಬಂದು ನಿಲ್ಲುತ್ತದೆ.

ಉಳಿದ ಎರಡನ್ನು ತೆರೆಯುವ ದಿನ ಬಾಟಲಿಯನ್ನು ಒಂದೂವರೆ ಗಂಟೆಯಷ್ಟು ಫ್ರಿಜ್ಜಿನಲ್ಲಿಡಿ. 17, 18 ಡಿಗ್ರಿಗೆ ಬಂದರೆ ಸಾಕು. ತೀರಾ ತಣ್ಣಗಾದರೆ ಒಗರು ಜಾಸ್ತಿ ಹೊಡೆಯುತ್ತದೆ, ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಏಳುತ್ತದೆ. ದುಕ್ರಾಮಾಸಿನ ಕೆಂಪು ಖಾರ ಈ ವೈನಿಗೆ ಹೊಂದಲಿಲ್ಲ. ಖಾರ ಒಗರನ್ನು ಇನ್ನಷ್ಟು ಎಬ್ಬಿಸುತ್ತದೆ. ಅದರ ಬದಲು ಕೊತ್ತಂಬರಿ ಸೊಪ್ಪು, ಪುದೀನ ಅರೆದು ಹಸಿರು ಮಸಾಲೆಯ ಕುರಿಮಾಂಸ ಮಾಡಿಸಿ, ಖಾರ ಸ್ವಲ್ಪ ಕಡಿಮೆ ಇರಲಿ. ಮಾಂಸದ ಕೊಬ್ಬು ಮತ್ತು ಉಪ್ಪು ಒಗರನ್ನು ಮೆತ್ತಗೆ ಮಾಡುತ್ತವೆ. ತಟ್ಟೆಯಲ್ಲೇ ಹಸಿರು ಪರಿಮಳ ಇದ್ದಾಗ ಗ್ಲಾಸಿನ ಹಸಿರು ಅಷ್ಟಾಗಿ ಎದ್ದು ಕಾಣುವುದಿಲ್ಲ. ಅಡುಗೆಯಾಗುವಾಗ ದೊಣ್ಣೆ ಮೆಣಸಿನ ಉಗುರಿನಷ್ಟು ತುಂಡನ್ನು ಬೇರೆ ಯಾವುದಾದರೂ ಕೆಂಪು ವೈನಿನಲ್ಲಿ ಅರ್ಧ ಗಂಟೆ ನೆನೆಸಿ, ಪಕ್ಕದಲ್ಲಿಟ್ಟು ಎರಡನ್ನೂ ಮೂಸಿ ನೋಡಿ. ನಿಮ್ಮ ಮನೆಯವರಿಗೂ ಕೊಡಿ. ಅವರು ಏನು ಹೇಳಿದರು ಅಂತ ನನಗೆ ಬರೆದು ತಿಳಿಸಿ.